ಒಂದೇ ತೊರಕೆ, ಹಲವು ತಕ್ಕಡಿ

ಈ ಉಪನ್ಯಾಸಕ್ಕೆ ಟಿಪ್ಪಣಿ ಮಾಡಿಕೊಳ್ಳುವ ಮೊದಲು, ಪುಸ್ತಕದ ಲೆಕ್ಕ ಆಮೇಲಿರಲಿ, ಕಣ್ಣಿನ ಲೆಕ್ಕ ಮೊದಲಾಗಲಿ ಎಂದುಕೊಂಡು ಒಂದು ಬೆಳಿಗ್ಗೆ ಕಾಸರಗೋಡಿನ ಕಸಬ ಕಡಪ್ಪುರದ ದಕ್ಕೆಗೆ ಹೋಗಿದ್ದೆ. ಬೋಟುಗಳು ಆಗಷ್ಟೇ ಬಂದಿದ್ದವು. ಅಂಜಲ್, ಮಾಂಜಿ, ಸಿಗಡಿಗಳ ಬುಟ್ಟಿಗಳ ಸುತ್ತ ಏಲಂ ಕೂಗುವವನೂ ವ್ಯಾಪಾರಿಗಳೂ ಸೇರಿಕೊಂಡಿದ್ದರೆ, ತೊರಕೆ ಎಂಬ ಚಪ್ಪಟೆ ಮೀನುಗಳನ್ನು ಒಂದು ಬದಿಯಲ್ಲಿ, ಬಾಲ ಕಡಿದು, ಒದ್ದೆ ಗೋಣಿಚೀಲಗಳನ್ನು ಪೇರಿಸಿದಂತೆ ಒಂದರ ಮೇಲೊಂದು ಹಾಕಿದ್ದರು. ಊಟದ ತಟ್ಟೆಯಷ್ಟು ಅಗಲದ ಮರಿಗಳಿದ್ದವು, ಮೊರಕ್ಕಿಂತ ಅಗಲದವೂ ಇದ್ದವು. ಬೆನ್ನ ಮೇಲೆ ಚುಕ್ಕೆಯಿದ್ದದ್ದು ಒಂದು ಬಗೆ, ಬರೀ ಬೂದು ಬಣ್ಣದ್ದು ಇನ್ನೊಂದು, ಮೂತಿ ಚೂಪಾಗಿ ಮುಂದಕ್ಕೆ ಚಾಚಿದ್ದದ್ದು ಮತ್ತೊಂದು. ಏಲಂ ಆದದ್ದು ಮಾತ್ರ ಒಟ್ಟು ರಾಶಿಗೆ, ಒಂದೇ ಹೆಸರಿನಲ್ಲಿ. ಬರೆದುಕೊಳ್ಳುವ ಹುಡುಗ ತನ್ನ ಪುಸ್ತಕದಲ್ಲಿ ಮಲಯಾಳದಲ್ಲಿ ‘ತಿರಂಡಿ’ ಎಂದು ಬರೆದು, ಮುಂದೆ ತೂಕ ಹಾಕಿ, ಪುಟ ಮಗುಚಿದ.

ಆ ರಾಶಿಯಿಂದ ಒಂದನ್ನು ಕೊಂಡ ಮೀನು ಮಾರುವ ಹೆಂಗಸೊಬ್ಬರನ್ನು ಬೆಲೆ ಕೇಳಿದೆ. ಅಂಜಲ್‌ನ ಬೆಲೆಯ ಕಾಲುಭಾಗಕ್ಕೂ ಬರಲಿಲ್ಲ. “ಇಷ್ಟು ಕಮ್ಮಿಯಾ ಅಕ್ಕಾ?” ಎಂದೆ. “ಕಮ್ಮಿ ಇರುವುದರಿಂದ ತಾನೇ ಮಾಷ್ಟ್ರೇ ನನ್ನಂಥವರು ಮಾರುವುದು, ನಮ್ಮಂಥವರು ತಿನ್ನುವುದು” ಎಂದರು. ಇಂದು ನಾನು ನಿಮ್ಮ ಮುಂದೆ ಆಡಬೇಕೆಂದಿರುವುದು ಬಹುಮಟ್ಟಿಗೆ ಆ ಮಾತಿನ ವಿಸ್ತರಣೆಯೇ. ತೊರಕೆಗೆ ಎಷ್ಟು ಬೆಲೆ ಎಂದು ದೇಶದೇಶಗಳಲ್ಲಿ ಕೇಳುತ್ತ ಹೋದರೆ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಾಗೆ ತಾಳೆಯಾಗದಿರುವುದಕ್ಕೆ ಮೀನಿಗಿಂತ ಹೆಚ್ಚಾಗಿ ನಮ್ಮ ಲೆಕ್ಕದ ಪುಸ್ತಕಗಳೇ ಕಾರಣ ಎಂಬುದು ನನ್ನ ವಾದ.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿಯೂ ತುಳುವಿನಲ್ಲಿಯೂ ನಾವು ತೊರಕೆ ಎನ್ನುತ್ತೇವೆ, ಮಲಯಾಳದಲ್ಲಿ ತಿರಂಡಿ, ತಮಿಳಿನಲ್ಲಿ ತಿರುಕ್ಕೈ, ಮರಾಠಿಯಲ್ಲಿ ಪಾಕಟ್. ಗಡಿನಾಡಿನವರಾದ ನಮಗೆ ಒಂದು ಮೀನಿಗೆ ಮೂರು ಹೆಸರಿರುವುದು ಹೊಸತಲ್ಲ, ಒಂದೇ ಹೆಸರಿನಡಿ ಆರುನೂರು ಮೀನುಗಳಿರುವುದು ಹೊಸತಾಗಿ ಕಾಣಬಹುದು. ಜಗತ್ತಿನಲ್ಲಿ ಆರುನೂರಕ್ಕೂ ಹೆಚ್ಚು ಜಾತಿಯ ತೊರಕೆಗಳಿವೆ. ಅವೆಲ್ಲ ಶಾರ್ಕ್‌ನ, ಎಂದರೆ ನಮ್ಮ ತಾಟೆಯ, ಹತ್ತಿರದ ಬಂಧುಗಳು; ಮೈಯಲ್ಲಿ ಎಲುಬಿಲ್ಲ, ಇರುವುದೆಲ್ಲ ಮೃದ್ವಸ್ಥಿ, ನಮ್ಮ ಕಿವಿ, ಮೂಗಿನ ತುದಿಯಲ್ಲಿರುವಂಥ ಮೆತ್ತೆಲುಬು. ಅವುಗಳಲ್ಲಿ ಎರಡು ಕುಲಗಳನ್ನು ನೀವು ಇವತ್ತಿನ ಮಟ್ಟಿಗಾದರೂ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳಬೇಕು. ತಣ್ಣೀರಿನ ಸಮುದ್ರಗಳಲ್ಲಿ ಹೆಚ್ಚಾಗಿರುವ ಸ್ಕೇಟ್‌ಗಳು ತೊಗಲಿನ ಸಂಚಿಯಂಥ ಕೋಶದಲ್ಲಿ ಮೊಟ್ಟೆ ಇಡುತ್ತವೆ, ಬಾಲದಲ್ಲಿ ವಿಷದ ಮುಳ್ಳಿಲ್ಲ. ನಮ್ಮ ಕಡೆಯ, ಬಾಲದಲ್ಲಿ ಗರಗಸದಂಥ ಮುಳ್ಳಿರುವ ತೊರಕೆಗಳು ಮರಿ ಹಾಕುತ್ತವೆ. ಮರಿಗಳ ಸಂಖ್ಯೆಯೂ ಬಂಗುಡೆ, ಬೂತಾಯಿಗಳ ಹಾಗೆ ಸಾವಿರ, ಲಕ್ಷದ ಲೆಕ್ಕದ್ದಲ್ಲ, ಬೆರಳಿನಲ್ಲಿ ಎಣಿಸುವಷ್ಟು.

ಈಗ ದೂರದಿಂದ ಪ್ರಾರಂಭಿಸೋಣ. ದಕ್ಷಿಣ ಕೊರಿಯಾದ ನೈರುತ್ಯ ಮೂಲೆಯಲ್ಲಿ ಜೊಲ್ಲಾ ಎಂಬ ಪ್ರಾಂತವಿದೆ. ಅಲ್ಲಿ ಮದುವೆಗೂ ಸಾವಿನ ಊಟಕ್ಕೂ ಎಲೆಯ ಮೇಲೆ ಬೀಳಲೇಬೇಕಾದ ಪದಾರ್ಥವೆಂದರೆ ಹೊಂಗೊ, ಹುಳಿಯಿಸಿದ ಸ್ಕೇಟ್ ಮೀನು. ತೊರಕೆಯ ವಾಸನೆ ನಿಮಗೆಲ್ಲ ಗೊತ್ತು. ಸಮುದ್ರದ ಉಪ್ಪಿಗೆ ಸರಿದೂಗಲು ಈ ಮೀನುಗಳು ತಮ್ಮ ರಕ್ತದಲ್ಲಿಯೂ ಮಾಂಸದಲ್ಲಿಯೂ ಯೂರಿಯಾ ಇಟ್ಟುಕೊಂಡಿರುತ್ತವೆ. ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯ ಮಾಡುತ್ತವೆ. ನಮ್ಮ ಅಡುಗೆಮನೆಗಳಲ್ಲಿ ಹುಣಿಸೆಹುಳಿ, ಉಪ್ಪು, ಅರಿಶಿನ ಹಾಕಿ ತಿಕ್ಕಿ ತೊಳೆದು ಓಡಿಸುವುದು ಈ ವಾಸನೆಯನ್ನೇ. ಹುಳಿ ಆಮ್ಲ, ಅಮೋನಿಯ ಪ್ರತ್ಯಾಮ್ಲ. ನಮ್ಮ ಅಜ್ಜಿಯಂದಿರಿಗೆ ರಸಾಯನಶಾಸ್ತ್ರದ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಕೊರಿಯಾದವರು ಅದೇ ವಾಸನೆಯನ್ನು ವಾರಗಟ್ಟಲೆ ಬೆಳೆಸಿ, ಮೂಗಿನೊಳಗೆ ಉರಿ ಹತ್ತಿ ಕಣ್ಣಲ್ಲಿ ನೀರು ಬರುವ ಹದಕ್ಕೆ ತಂದು, ಬೇಯಿಸಿದ ಹಂದಿಮಾಂಸ ಮತ್ತು ಹಳೆಯ ಕಿಮ್‌ಚಿ ಎಂಬ ಹುಳಿಯಿಸಿದ ಎಲೆಕೋಸಿನ ಜೊತೆ ಸೇರಿಸಿ ತಿನ್ನುತ್ತಾರೆ. ಅಮೋನಿಯ ಇರುವಲ್ಲಿ ಕೊಳೆಸುವ ಇತರ ಜೀವಾಣುಗಳು ಬೆಳೆಯುವುದು ಕಷ್ಟ. ಆದ್ದರಿಂದಲೇ ಮಂಜುಗಡ್ಡೆ ಇಲ್ಲದ ಕಾಲದಲ್ಲಿ ಹ್ಯೂಕ್‌ಸಾನ್ ದ್ವೀಪದಿಂದ ಯೊಂಗ್‌ಸಾನ್ ನದಿಯ ದಂಡೆಯ ಪೇಟೆಗೆ ದೋಣಿಯಲ್ಲಿ ದಿನಗಟ್ಟಲೆ ಸಾಗುವಾಗ ಉಳಿದ ಮೀನುಗಳೆಲ್ಲ ಹಾಳಾದರೂ ಇದು ಮಾತ್ರ ತಿನ್ನುವಂತೆ ಉಳಿಯಿತು ಎಂಬ ಐತಿಹ್ಯ ನಂಬುವಂತಿದೆ.

ಈ ರುಚಿಯ ಆರ್ಥಿಕ ಪರಿಣಾಮವನ್ನು ಗಮನಿಸಿ. ಹ್ಯೂಕ್‌ಸಾನ್‌ನ ಸ್ವಂತ ಮೀನು ಇಡೀ ದೇಶಕ್ಕೆ ಸಾಲದು. ಅದರ ಬೆಲೆ ಆಮದಿನ ಮೀನಿನ ಹಲವು ಪಟ್ಟು. ಆದ್ದರಿಂದ ಕೊರಿಯಾ ಜಗತ್ತಿನಲ್ಲೇ ತೊರಕೆ ಮಾಂಸದ ಅತಿ ದೊಡ್ಡ ಆಮದುದಾರ ದೇಶಗಳಲ್ಲೊಂದಾಯಿತು. ಅರ್ಜೆಂಟೀನ, ಚಿಲಿ, ಅಮೆರಿಕಗಳಿಂದ ಹೆಪ್ಪುಗಟ್ಟಿಸಿದ ಸ್ಕೇಟ್‌ಗಳು ಅರ್ಧ ಭೂಮಿ ಸುತ್ತಿಕೊಂಡು ಅಲ್ಲಿಗೆ ಹೋಗುತ್ತವೆ. ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳ ಸರ್ಕಾರ ಸ್ಕೇಟ್ ಹಿಡಿಯುವುದಕ್ಕೆಂದೇ ಪ್ರತ್ಯೇಕ ಪರವಾನಗಿ ಮಾರುತ್ತ ಬಂದಿದೆ, ಕೊಂಡವರಲ್ಲಿ ಕೊರಿಯಾದ ಹಡಗುಗಳು ಮುಖ್ಯ. ಕೆಲವೇ ಸಾವಿರ ಜನರಿರುವ ಆ ದ್ವೀಪಗಳ ಬೊಕ್ಕಸಕ್ಕೆ ಮೀನುಗಾರಿಕೆಯ ಪರವಾನಗಿ ಶುಲ್ಕವೇ ದೊಡ್ಡ ಆದಾಯ. ಜೊಲ್ಲಾದ ಒಂದು ಮದುವೆಯ ಊಟಕ್ಕೂ ಫಾಕ್‌ಲ್ಯಾಂಡ್‌ನ ಒಂದು ಶಾಲೆಯ ಖರ್ಚಿಗೂ ನಡುವೆ ಇಂಥದೊಂದು ಮೀನು ಇದೆ.

ಅಮೆರಿಕದ ಈಶಾನ್ಯ ಕರಾವಳಿಗೆ ಬಂದರೆ ಅದೇ ಮೀನಿನ ಸ್ಥಾನ ಬೇರೆ. ಅಲ್ಲಿ ಸಣ್ಣ ಜಾತಿಯ ಸ್ಕೇಟನ್ನು ಹಿಡಿಯುವುದು ಮನುಷ್ಯರಿಗಾಗಿ ಅಲ್ಲ, ಲಾಬ್‌ಸ್ಟರ್‌ನ ಬೋನುಗಳಿಗೆ ಎರೆಯಾಗಿ. ಕೊಂಚ ದೊಡ್ಡ ಜಾತಿಯ ರೆಕ್ಕೆಗಳನ್ನು ಮಾತ್ರ ಕತ್ತರಿಸಿ ಯುರೋಪಿಗೂ ಏಷ್ಯಾಕ್ಕೂ ಕಳಿಸುತ್ತಾರೆ, ಸ್ಥಳೀಯರು ತಿನ್ನುವುದು ಅತ್ಯಲ್ಪ. ಎರೆಯ ಬೆಲೆಯ ಮೀನಾದ್ದರಿಂದ ಬಹುಕಾಲ ಯಾರೂ ಅದರ ಲೆಕ್ಕ ಇಡಲಿಲ್ಲ. ಬಾರ್ನ್‌ಡೋರ್ ಎಂಬ, ಹಟ್ಟಿಯ ಬಾಗಿಲಿನಷ್ಟು ದೊಡ್ಡದೆಂಬ ಅರ್ಥದ ಹೆಸರಿನ ಸ್ಕೇಟ್ ಅಳಿವಿನ ಅಂಚಿಗೆ ಬಂದಿದೆಯೆಂದು 1998ರಲ್ಲಿ ವಿಜ್ಞಾನಿಗಳು ಎಚ್ಚರಿಸಿದ ಮೇಲೆ, 2003ರಲ್ಲಿ ಅದನ್ನು ದಡಕ್ಕೆ ತರುವುದನ್ನು ನಿಷೇಧಿಸಿದರು. 2016ರಲ್ಲಿ ಸಂತತಿ ಚೇತರಿಸಿಕೊಂಡಿದೆ ಎಂದು ಘೋಷಿಸಿ, 2018ರಲ್ಲಿ ಮಿತಿಯೊಳಗೆ ಹಿಡಿಯಲು ಮತ್ತೆ ಅವಕಾಶ ಕೊಟ್ಟರು. ನಿಷೇಧ ಎಂದ ಕೂಡಲೇ ಅದು ಶಾಶ್ವತ ಎಂದು ಭಯಪಡುವ ನಮ್ಮ ದೋಣಿಯವರಿಗೆ ನಾನು ಈ ಕಥೆಯನ್ನು ಆಗಾಗ ಹೇಳುತ್ತೇನೆ. ಅವರು ನಂಬುವುದು ಕಡಿಮೆ. “ಅಲ್ಲಿ ನಿಷೇಧಿಸಿದವರೇ ತೆರೆದರು, ಇಲ್ಲಿ ನಿಷೇಧಿಸಿದವರು ವರ್ಗವಾಗಿ ಹೋಗುತ್ತಾರೆ” ಎಂದು ಒಬ್ಬರು ಹೇಳಿದ್ದು ಅನ್ಯಾಯದ ಮಾತೇನಲ್ಲ.

ಯುರೋಪಿನಲ್ಲಿ ಕಥೆ ಇಷ್ಟು ಸುಖಾಂತವಾಗಲಿಲ್ಲ. ಫ್ರಾನ್ಸಿನಲ್ಲಿ ಸ್ಕೇಟಿನ ರೆಕ್ಕೆಯನ್ನು ಕಂದು ಬಣ್ಣ ಬರುವಂತೆ ಕಾಯಿಸಿದ ಬೆಣ್ಣೆಯಲ್ಲಿ ಬಡಿಸುವುದು ಒಳ್ಳೆಯ ಹೋಟೆಲುಗಳ ಅಡುಗೆ. ಐಸ್‌ಲ್ಯಾಂಡಿನಲ್ಲಿ ಕ್ರಿಸ್ಮಸ್‌ಗೆ ಎರಡು ದಿನ ಮೊದಲು, ಡಿಸೆಂಬರ್ 23ರಂದು, ಹುಳಿಯಿಸಿದ ಸ್ಕೇಟ್ ತಿನ್ನುವ ಸಂಪ್ರದಾಯವಿದೆ. ಕೊರಿಯಾದವರೂ ಅವರೂ ಪರಸ್ಪರ ಕೇಳದೆಯೇ ಒಂದೇ ಉಪಾಯ ಕಂಡುಕೊಂಡದ್ದು ನನಗೆ ಸೋಜಿಗ. ಆದರೆ ‘ಸಾಮಾನ್ಯ ಸ್ಕೇಟ್’ ಎಂದೇ ಹೆಸರಾಗಿದ್ದ ಮೀನು ಐರಿಷ್ ಸಮುದ್ರದಿಂದ ಕಾಣೆಯಾದುದನ್ನು 1981ರಲ್ಲಿ ವಿಜ್ಞಾನಿಗಳು ದಾಖಲಿಸಿದರು. 2009ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ಹಿಡಿದಿಟ್ಟುಕೊಳ್ಳುವುದನ್ನು ನಿಷೇಧಿಸಿತು. ಅದೇ ಹೊತ್ತಿಗೆ, ಒಂದು ಎಂದುಕೊಂಡಿದ್ದ ಈ ಮೀನು ವಾಸ್ತವದಲ್ಲಿ ಎರಡು ಜಾತಿಗಳು ಎಂಬುದೂ ತಿಳಿದುಬಂತು. ದಕ್ಕೆಯ ಹುಡುಗ ಬರೆದ ಆ ಒಂದೇ ಪದ ನಿಮಗೆ ನೆನಪಿರಬಹುದು. ಯುರೋಪಿನವರೂ ಶತಮಾನಗಳ ಕಾಲ ಎರಡು ಮೀನಿನ ಲೆಕ್ಕವನ್ನು ಒಂದೇ ಸಾಲಿನಲ್ಲಿ ಬರೆದರು.

ಮಲೇಷ್ಯಾ, ಸಿಂಗಪುರಗಳನ್ನು ಬೇಗ ದಾಟುತ್ತೇನೆ, ಏಕೆಂದರೆ ಅಲ್ಲಿಯ ಪಾಠ ಸರಳ. ಹಿಂದೆ ಬೇಡದ ಮೀನಾಗಿದ್ದ ತೊರಕೆಗೆ ಮೆಣಸಿನ ಸಂಬಾಲ್ ಬಳಿದು ಬಾಳೆಲೆಯ ಮೇಲಿಟ್ಟು ಸುಡಲು ತೊಡಗಿದ ಮೇಲೆ ಅದು ರಾತ್ರಿ ಪೇಟೆಗಳ ಪ್ರಸಿದ್ಧ ತಿನಿಸಾಯಿತು, ಬೆಲೆ ಏರಿತು. ಮೀನು ಬದಲಾಗಲಿಲ್ಲ, ಮಸಾಲೆ ಬದಲಾಯಿತು. ಬಾಳೆಲೆಯೂ ಮೆಣಸೂ ನಮ್ಮಲ್ಲಿಲ್ಲವೆಂದೇನಲ್ಲ.

ಮಾಂಸವನ್ನು ಬಿಟ್ಟು ಚರ್ಮದ ಮಾತು. ತೊರಕೆಯ ಬೆನ್ನಿನ ಚರ್ಮದಲ್ಲಿ ಹಲ್ಲಿನಷ್ಟು ಗಟ್ಟಿಯಾದ ಸಣ್ಣ ಮಣಿಗಳು ಹುದುಗಿರುತ್ತವೆ. ಕೈ ಜಾರದಿರಲೆಂದು ಜಪಾನಿನ ಕತ್ತಿಗಳ ಹಿಡಿಗೆ ಇದನ್ನು ಸುತ್ತುತ್ತಿದ್ದರು. 18ನೆಯ ಶತಮಾನದಲ್ಲಿ ಪ್ಯಾರಿಸಿನ ಗಲೂಷಾ ಎಂಬ ಕುಶಲಕರ್ಮಿ ಈ ಚರ್ಮವನ್ನು ಉಜ್ಜಿ ನಯಗೊಳಿಸಿ ಅರಮನೆಯವರಿಗೆ ಪೆಟ್ಟಿಗೆಗಳನ್ನು ಮಾಡಿಕೊಟ್ಟ. ಫ್ರೆಂಚ್ ಭಾಷೆಯಲ್ಲಿ ಚರ್ಮಕ್ಕೆ ಇಂದಿಗೂ ಅವನದೇ ಹೆಸರು. ಈಗ ಥಾಯ್ಲೆಂಡಿನಲ್ಲಿ ಅದರಿಂದ ಕೈಚೀಲ, ಪರ್ಸುಗಳಾಗುತ್ತವೆ, ನಡುಬೆನ್ನಿನ ಬಿಳಿ ಮಣಿಗಳ ಸಾಲು ಕಾಣುವಂತೆ ಹೊಲಿದರೆ ಬೆಲೆ ಹೆಚ್ಚು. ನಮ್ಮಲ್ಲಿ ಚರ್ಮಕ್ಕೆ ಬೆಲೆಯಿಲ್ಲ, ಬಾಲಕ್ಕೆ ಒಂದು ಕಾಲದಲ್ಲಿ ಭಯವಿತ್ತು. ಒಣಗಿಸಿ ಎಣ್ಣೆ ಹಚ್ಚಿದ ತೊರಕೆಯ ಬಾಲ ಚಾಟಿಯಾಗಿ ಎಷ್ಟು ಮನೆಗಳ ಮಾಡಿನಲ್ಲಿ ಸಿಕ್ಕಿಸಿರುತ್ತಿತ್ತು ಎಂಬುದು ಇಲ್ಲಿ ಕುಳಿತಿರುವ ನನ್ನ ಓರಗೆಯವರಿಗೆ ನೆನಪಿದ್ದೀತು. ನನ್ನ ಕಾಲಿಗೂ ಒಮ್ಮೆ ಬಿದ್ದದ್ದುಂಟು, ಕಾರಣ ಹೇಳುವುದಿಲ್ಲ.

ಇನ್ನು ಈ ವಿಷಯದಲ್ಲಿ ಅತಿ ಹೆಚ್ಚು ಚರ್ಚೆಯಾಗುವ ಮೀನಿಗೆ ಬರುತ್ತೇನೆ. ಅದು ಮಾಂಟಾ ಎಂಬ ಭಾರೀ ತೊರಕೆ, ಮತ್ತು ಅದರ ಸಣ್ಣ ಬಂಧುಗಳಾದ, ತಮಿಳಿನವರು ಕೊಂಬು ತಿರುಕ್ಕೈ ಎನ್ನುವ ತೊರಕೆಗಳು. ಇವು ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ತಿನ್ನುತ್ತವೆ. ಸೋಸುವುದಕ್ಕೆ ಕಿವಿರಿನಲ್ಲಿ ಜರಡಿಯಂಥ ಅಂಗವಿದೆ. ಒಣಗಿಸಿದ ಆ ಜರಡಿಯನ್ನು ಚೀನಾದಲ್ಲಿ, ಮುಖ್ಯವಾಗಿ ಗುವಾಂಗ್‌ಜೌ ಪೇಟೆಯಲ್ಲಿ, ದೇಹಶುದ್ಧಿಯ ಕಷಾಯಕ್ಕೆಂದು ಮಾರುತ್ತಾರೆ. ಪ್ರಾಚೀನ ಚೀನೀ ವೈದ್ಯದ ಮುಖ್ಯ ಗ್ರಂಥಗಳಲ್ಲಿ ಇದಕ್ಕೆ ಆಧಾರವಿಲ್ಲ, ಬೇಡಿಕೆ ಏರಿದ್ದು ಈಚಿನ ದಶಕಗಳಲ್ಲಿ. ಆ ಬೇಡಿಕೆ ಇಂಡೊನೇಷ್ಯಾದ ಸೊಲೊರ್ ದ್ವೀಪದ ಲಾಮಕೆರಾ ಎಂಬ ಹಳ್ಳಿಯನ್ನು ತಲುಪಿದಾಗ, ತಲೆಮಾರುಗಳಿಂದ ಹುಟ್ಟುಹಾಕುವ ದೋಣಿಯಿಂದ ಹಾರಿ ಈಟಿ ಚುಚ್ಚಿ ಮಾಂಟಾ ಹಿಡಿಯುತ್ತಿದ್ದವರು ಎಂಜಿನ್ ದೋಣಿ ಕೊಂಡರು. ಮಾಂಟಾ ಹೆರುವುದು ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ, ಅದೂ ಎರಡು ಮೂರು ವರ್ಷಗಳಿಗೊಮ್ಮೆಯೋ ಇನ್ನೂ ತಡವಾಗಿಯೋ. ಎಂಜಿನ್ನಿನ ವೇಗಕ್ಕೆ ಆ ಬಸಿರು ಸರಿಸಾಟಿಯಾಗಲು ಸಾಧ್ಯವಿರಲಿಲ್ಲ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಹೊಸ ತಕ್ಕಡಿಯೊಂದನ್ನು ತಂದಿಟ್ಟಿತು. ಮಾಂಟಾಗಳನ್ನು ನೀರಿನಲ್ಲಿ ನೋಡಲು ಬರುವ ಪ್ರವಾಸಿಗರಿಂದ 23 ದೇಶಗಳಲ್ಲಿ ವರ್ಷಕ್ಕೆ ಸುಮಾರು 14 ಕೋಟಿ ಡಾಲರ್ ಸಂಪಾದನೆಯಾಗುತ್ತದೆ, ಅವುಗಳ ಕಿವಿರಿನ ವ್ಯಾಪಾರದಿಂದ ಸುಮಾರು 50 ಲಕ್ಷ ಡಾಲರ್ ಮಾತ್ರ, ಎಂದು ಅದು ಲೆಕ್ಕ ಹಾಕಿತು. ಒಂದು ಮಾಂಟಾ ಬದುಕಿದ್ದರೆ ತನ್ನ ಆಯುಷ್ಯದಲ್ಲಿ ಹತ್ತು ಲಕ್ಷ ಡಾಲರ್‌ವರೆಗೆ ದುಡಿದುಕೊಟ್ಟೀತು, ಸತ್ತು ದಡಕ್ಕೆ ಬಂದರೆ 40ರಿಂದ 500 ಡಾಲರ್. ಈ ಹೋಲಿಕೆಗೆ ಬಹಳ ಬಲವಿತ್ತು. 2013ರಲ್ಲೇ ಬ್ಯಾಂಕಾಕಿನಲ್ಲಿ ನಡೆದ ಸೈಟಿಸ್ (ಅಳಿವಿನ ಭೀತಿಯ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಮ್ಮೇಳನ ಮಾಂಟಾಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ತಂದಿತು, 2014ರ ಜನವರಿಯಲ್ಲಿ ಇಂಡೊನೇಷ್ಯಾ ತನ್ನ ನೀರಿನಲ್ಲೆಲ್ಲ ಮಾಂಟಾ ಬೇಟೆಯನ್ನು ನಿಷೇಧಿಸಿತು. ನಮಗೆ ಹತ್ತಿರದ ಮಾಲ್ದೀವ್ಸ್ ತೊರಕೆಯ ರಫ್ತನ್ನು 1990ರ ದಶಕದಲ್ಲೇ ನಿಲ್ಲಿಸಿತ್ತು. ಅಲ್ಲಿ ಮಾಂಟಾ ನೋಡುವವರು ಮುಳುಗುಗಾರಿಕೆಗೆ ನೇರವಾಗಿ ಕೊಡುವ ಹಣವೇ ವರ್ಷಕ್ಕೆ ಸುಮಾರು 81 ಲಕ್ಷ ಡಾಲರ್ ಎಂದು 2011ರಲ್ಲಿ ಅಂದಾಜಾಗಿತ್ತು.

ಈ ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಾಣಿಜ್ಯಶಾಸ್ತ್ರ ಪಾಠ ಮಾಡಿದವನಾಗಿ ಎರಡು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ಆ 14 ಕೋಟಿ ಮತ್ತು ಈ 50 ಲಕ್ಷ ಒಂದೇ ಜೇಬಿಗೆ ಬರುವ ಹಣವಲ್ಲ. ಮೊದಲನೆಯದು ರೆಸಾರ್ಟಿನವನಿಗೆ, ಮುಳುಗುಗಾರರ ತಂಡಕ್ಕೆ, ವಿಮಾನ ಕಂಪನಿಗೆ ಹಂಚಿಹೋಗುತ್ತದೆ. ಎರಡನೆಯದರಲ್ಲಿ ಒಂದಷ್ಟು ಈಟಿ ಹಿಡಿದವನಿಗೆ ಸಿಗುತ್ತಿತ್ತು. ಕಳೆದುಕೊಂಡವನಿಗೆ ಗಳಿಸಿದವನು ಏನಾದರೂ ಕೊಡುವ ವ್ಯವಸ್ಥೆ ಇಲ್ಲದಿದ್ದರೆ, ಲಾಭ ದೊಡ್ಡದು ಎಂದು ತೋರಿಸಿ ನಷ್ಟವಾದವನನ್ನು ಒಪ್ಪಿಸಲಾಗದು. ಎರಡನೆಯದಾಗಿ, ಈ ತಕ್ಕಡಿ ತೂಗುವುದು ಚೆಲುವಾದ ಮೀನನ್ನು, ತಿಳಿನೀರಿನಲ್ಲಿ. ಪಯಸ್ವಿನಿಯೂ ನೇತ್ರಾವತಿಯೂ ಮಳೆಗಾಲದಲ್ಲಿ ಕೆಂಪು ಮಣ್ಣು ತಂದು ಸುರಿಯುವ ನಮ್ಮ ದಡದ ನೀರಿನಲ್ಲಿ, ತಳದ ಕೆಸರಿನಲ್ಲಿ ಹೂತುಕೊಂಡಿರುವ ಬೂದು ಬಣ್ಣದ ತೊರಕೆಯನ್ನು ನೋಡಲು ಜಪಾನಿನಿಂದ ಯಾರೂ ವಿಮಾನ ಹತ್ತುವುದಿಲ್ಲ. ಹಾಗೆಂದು ಆ ಮೀನು ಮಾಂಟಾಕ್ಕಿಂತ ಕಡಿಮೆ ಅಪಾಯದಲ್ಲಿದೆ ಎನ್ನಲಾಗದು. 2021ರಲ್ಲಿ ಶಾರ್ಕ್, ತೊರಕೆ ಮೊದಲಾದ 1,199 ಜಾತಿಗಳನ್ನು ಪರಿಶೀಲಿಸಿದಾಗ 391 ಜಾತಿಗಳು ಅಳಿವಿನ ಭೀತಿಯಲ್ಲಿದ್ದವು, ತೊರಕೆಗಳ ಸ್ಥಿತಿ ಶಾರ್ಕ್‌ಗಳಿಗಿಂತಲೂ ಕೆಟ್ಟಿತ್ತು.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ವಿಚಾರ, ಸ್ವಲ್ಪ ಒಣ ವಿಚಾರವೇ, ಸಹಿಸಿಕೊಳ್ಳಿ. ದೇಶಗಳ ನಡುವೆ ಸಾಗುವ ಪ್ರತಿ ಸರಕಿಗೂ ಸುಂಕದ ಇಲಾಖೆಯ ಒಂದು ಸಂಖ್ಯೆ ಇರುತ್ತದೆ, ಜಗತ್ತಿಗೆಲ್ಲ ಹೆಚ್ಚುಕಡಿಮೆ ಒಂದೇ ಪಟ್ಟಿ. ಆ ಪಟ್ಟಿಯಲ್ಲಿ ತೊರಕೆಗೆ ಸ್ವಂತ ಸಂಖ್ಯೆ ಸಿಕ್ಕಿದ್ದು 2012ರಲ್ಲಿ: ತಾಜಾ ಮೀನಿಗೆ 0302.82, ಹೆಪ್ಪುಗಟ್ಟಿಸಿದ್ದಕ್ಕೆ 0303.82. ಅದಕ್ಕೆ ಮೊದಲು ಜಾಗತಿಕ ವ್ಯಾಪಾರದ ಅಂಕಿಅಂಶಗಳಲ್ಲಿ ತೊರಕೆ ‘ಇತರ ಮೀನು’. ಸಿಕ್ಕಿದ ಸಂಖ್ಯೆಯ ಮುಂದೆಯೂ ಆವರಣದೊಳಗೆ ‘ರಾಜಿಡೇ’ ಎಂಬ ಕುಲನಾಮವಿದೆ. ಅದು ಸ್ಕೇಟ್‌ಗಳ ಕುಲ. ನಮ್ಮ ದಕ್ಕೆಯ ಮುಳ್ಳುಬಾಲದ ತೊರಕೆಗಳು ಬೇರೆ ಕುಲದವು, ಅಕ್ಷರಶಃ ಓದಿದರೆ ಅವು ಆ ಸಂಖ್ಯೆಯೊಳಗೆ ಬರುವುದೇ ಇಲ್ಲ. ಪಟ್ಟಿ ಮಾಡಿದವರ ಕಣ್ಣ ಮುಂದೆ ಇದ್ದದ್ದು ತಣ್ಣೀರಿನ ಸಮುದ್ರ, ಪ್ಯಾರಿಸಿನ ತಟ್ಟೆ. ಭಾರತ, ಇಂಡೊನೇಷ್ಯಾ, ಪಾಕಿಸ್ತಾನಗಳಂಥ, ತೊರಕೆಯನ್ನು ಅತಿ ಹೆಚ್ಚು ಹಿಡಿಯುವ ದೇಶಗಳ ಮೀನು ಆ ಕಾಗದದಲ್ಲಿ ಹೆಸರಿಲ್ಲದೆ ಸಾಗುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಹಾಂಗ್‌ಕಾಂಗ್ ಪೇಟೆಯಲ್ಲಿ ‘ಶಾರ್ಕ್ ರೆಕ್ಕೆ’ ಎಂದು ಮಾರುವುದರಲ್ಲಿ ಅತಿ ದುಬಾರಿಯದು ಗಿಟಾರ್ ಆಕಾರದ, ಮುಂಭಾಗ ಚಪ್ಪಟೆಯಾಗಿ ಹಿಂಭಾಗ ಶಾರ್ಕ್‌ನಂತಿರುವ ಮೀನುಗಳದು. ಅವು ವಿಜ್ಞಾನದ ಪ್ರಕಾರ ತೊರಕೆಗಳ ಬಳಗ. ಎಂದರೆ ತೊರಕೆಗಳಲ್ಲೇ ಬೆಲೆಬಾಳುವುದರ ಲೆಕ್ಕ ಶಾರ್ಕ್‌ನ ಖಾತೆಗೆ ಹೋಯಿತು, ಬೆಲೆಯಿಲ್ಲದ್ದು ‘ಇತರ’ ಖಾತೆಗೆ ಹೋಯಿತು, ತೊರಕೆಯ ಖಾತೆಯಲ್ಲಿ ಉಳಿದದ್ದು ಅಲ್ಪ. 2012ರಿಂದ 2019ರವರೆಗಿನ ವ್ಯಾಪಾರವನ್ನು ಜಾಲಾಡಿದ ವಿಶ್ವ ವನ್ಯಜೀವಿ ನಿಧಿಯ ವರದಿ, ಶಾರ್ಕ್ ಮತ್ತು ತೊರಕೆಗಳ ಮಾಂಸದ ವ್ಯಾಪಾರ 260 ಕೋಟಿ ಡಾಲರ್, ರೆಕ್ಕೆಗಳದು 150 ಕೋಟಿ ಡಾಲರ್ ಎಂದಾಗ ಅನೇಕರು ಬೆರಗಾದರು. ರೆಕ್ಕೆಯ ಸೂಪಿನ ಮೇಲೆ ಕಣ್ಣಿಟ್ಟು ಕುಳಿತವರಿಗೆ ಮಾಂಸ ಕಂಡಿರಲಿಲ್ಲ. ಮೀನು ಹಿಡಿದ ಊರಿನಲ್ಲೇ ತಿಂದು ಮುಗಿದದ್ದು, ಉಪ್ಪು ಹಾಕಿ ಒಣಗಿಸಿ ಸುಳ್ಯ, ಪುತ್ತೂರುಗಳ ಸಂತೆಗೆ ಹೋದದ್ದು ಈ 260 ಕೋಟಿಯೊಳಗೂ ಇಲ್ಲ.

ನಮ್ಮ ದೇಶದ ಕಾನೂನು ಈಚೆಗೆ ಜಾತಿಗಳ ಹೆಸರು ಹಿಡಿದೇ ಮಾತಾಡುತ್ತಿದೆ. 2001ರಲ್ಲಿ ಗರಗಸ ಮೀನುಗಳನ್ನೂ ಕೆಲವು ತೊರಕೆಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಹುಲಿಯ ಪಕ್ಕಕ್ಕೆ, ಸೇರಿಸಿದರು. 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತು ನಿಂತಿತು. 2022ರ ತಿದ್ದುಪಡಿಯ ಅನಂತರ ಪಟ್ಟಿ ಇನ್ನೂ ಉದ್ದವಾಗಿದೆ. ಆದರೆ ಹೆಸರು ಹಿಡಿದು ಮಾತಾಡುವ ಕಾನೂನನ್ನು, ಒಂದೇ ಹೆಸರಿನಲ್ಲಿ ಏಲಂ ಮಾಡುವ ದಕ್ಕೆಯಲ್ಲಿ ಜಾರಿಗೆ ತರುವುದು ಹೇಗೆ? ಟ್ರಾಲ್ ಬಲೆ ತಳವನ್ನು ಗುಡಿಸಿಕೊಂಡು ಬರುವಾಗ ಅನುಸೂಚಿ ನೋಡಿ ಆರಿಸುವುದಿಲ್ಲ. ಮಳೆಗಾಲದ ಟ್ರಾಲಿಂಗ್ ನಿಷೇಧ ಇದೆಯಲ್ಲ ಎಂದು ನೀವು ಕೇಳಬಹುದು. ಕೇರಳದಲ್ಲಿ 52 ದಿನ, ಕರ್ನಾಟಕದಲ್ಲಿ 61 ದಿನ. ಎರಡು ರಾಜ್ಯಗಳ ಗಡಿಯಲ್ಲಿರುವ ತಲಪಾಡಿಯ ಚೆಕ್‌ಪೋಸ್ಟ್ ಸಮುದ್ರದ ಮೇಲೂ ಇದೆಯೆಂದು ಮೀನುಗಳು ತಿಳಿದಿರಬೇಕೆಂಬ ಹಾಗೆ. ಬೂತಾಯಿಗೆ ಆ ಬಿಡುವಿನಿಂದ ಪ್ರಯೋಜನವಾದೀತು. ದೊಡ್ಡವಾಗಲು ವರ್ಷಗಳನ್ನೇ ತೆಗೆದುಕೊಂಡು ಕೆಲವೇ ಮರಿ ಹಾಕುವ ಮೀನಿಗೆ ಎರಡು ತಿಂಗಳ ರಜೆಯಿಂದ ಆಗುವುದು ಕಡಿಮೆ.

ನನ್ನ ಸಲಹೆ ಸಣ್ಣದು. ಜಾತಿ ಗುರುತಿಸಲು ದೋಣಿಯವರಿಗೆ ನಾವು ಕಲಿಸಬೇಕಾಗಿಲ್ಲ. ಚುಕ್ಕೆಯದಕ್ಕೆ ಮಲಯಾಳದಲ್ಲಿ ಪುಳ್ಳಿತ್ತಿರಂಡಿ ಎಂಬ ಹೆಸರು ಆಗಲೇ ಇದೆ, ದೋಣಿಯಲ್ಲಿ ಆ ಹೆಸರನ್ನೇ ಬಳಸುತ್ತಾರೆ. ಹೆಸರು ಕಳೆದುಹೋಗುವುದು ದಕ್ಕೆಯ ಮೆಟ್ಟಿಲಲ್ಲಿ, ಬರೆಯುವ ಪುಸ್ತಕದಲ್ಲಿ. ಆ ಪುಸ್ತಕದಲ್ಲಿ ತಿರಂಡಿ ಎಂಬ ಒಂದು ಸಾಲಿನ ಬದಲು ನಾಲ್ಕು ಸಾಲು ಇದ್ದು, ಮರಿ ಮತ್ತು ದೊಡ್ಡದು ಎಂಬ ಎರಡು ಖಾನೆಗಳಿದ್ದರೆ, ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಆಯ್ದ ದಿನಗಳ ಮಾದರಿ ಲೆಕ್ಕಕ್ಕೆ ನಮ್ಮ ದಕ್ಕೆಯ ದಿನದಿನದ ಲೆಕ್ಕವೂ ಜೊತೆಯಾಗುತ್ತಿತ್ತು. ಯಾವ ಜಾತಿ ಇಳಿಮುಖವಾಗಿದೆ ಎಂಬುದನ್ನು ನಿಷೇಧದ ಆದೇಶ ಬಂದಮೇಲೆ ಅಲ್ಲ, ಅದಕ್ಕೆ ಹತ್ತು ವರ್ಷ ಮೊದಲೇ ನಮ್ಮವರೇ ಹೇಳಬಹುದಾಗಿತ್ತು.

ಅಂದು ಬೆಳಿಗ್ಗೆ ಆ ಅಕ್ಕ ನನಗೆ ಕಾಲು ಕಿಲೋ ಕತ್ತರಿಸಿಕೊಟ್ಟರು. ರೆಕ್ಕೆಯನ್ನು ಅಡ್ಡಕ್ಕೆ ಹೆಬ್ಬೆರಳಗಲ ಸೀಳಿದಾಗ ಬಾಚಣಿಗೆಯ ಹಲ್ಲಿನಂತೆ ಮೃದ್ವಸ್ಥಿಯ ಸಾಲು ಕಂಡಿತು. “ಮುಳ್ಳಿಲ್ಲ, ಮೊಮ್ಮಕ್ಕಳಿಗೆ ಧೈರ್ಯವಾಗಿ ಕೊಡಿ” ಎಂದರು. ಇದು ಯಾವ ಜಾತಿ ಎಂದು ಕೇಳಿದೆ. ಚರ್ಮದ ತುಂಡನ್ನು ಬೆಳಕಿಗೆ ಹಿಡಿದು, ಚುಕ್ಕೆಗಳ ಮೇಲೆ ಬೆರಳಾಡಿಸಿ, ಹೆಸರು ಹೇಳಿದರು. ಈಚೆಗೆ ದೊಡ್ಡದು ಬರುವುದೇ ಇಲ್ಲ, ಬಂದರೂ ಇಷ್ಟೇ ಎಂದು ಎರಡು ಗೇಣು ತೋರಿಸಿದರು. ಬರೆದುಕೊಳ್ಳುವ ಹುಡುಗ ಅಷ್ಟರಲ್ಲಿ ಮುಂದಿನ ಬೋಟಿನ ಹತ್ತಿರ ಹೋಗಿದ್ದ.